ಸರೋ ಮನೆಯ ಅಸಲಿ ಅಮ್ಮ

"ಸ್ವಲ್ಪ ಉಪ್ಪು ಜಾಸ್ತಿಯಾಯ್ತೇನೋ ಅಮ್ಮಾ" ಎಂದುಬಿಟ್ಟ ಸರೋ. ಅಷ್ಟೇ! ಸಿಸಿಲಿಯಲ್ಲಿ ಪಾದ್ರಿಯನ್ನು ಬೈದಾದರೂ ಬದುಕಬಹುದು, ತಾಯಿಯ ಅಡುಗೆಗೆ ಹೆಸರಿಟ್ಟು ಬದುಕಲಾಗದು. ನುನ್ಸಿಯಮ್ಮ ಏಪ್ರನ್ ಬಿಚ್ಚಿ ಮಗನ ಮುಖಕ್ಕೆಸೆದಳು. "ಇನ್ಮೇಲೆ ನೀನೇ ಬೇಯಿಸ್ಕೊಂಡು ತಿನ್ನು!" ಎಂದವಳೇ ಕತಾನಿಯಾ ಪಟ್ಟಣದ ತಂಗಿ ಮನೆಗೆ ಬಸ್ಸು ಹತ್ತಿದಳು.

ಸರೋ ತಲೆ ಮೇಲೆ ಕೈಹೊತ್ತು ಕೂತ. ಮಧ್ಯಾಹ್ನ ಡೆನ್ಮಾರ್ಕಿನ ದಂಪತಿ ಬರುವವರಿದ್ದರು. ಇದ್ದ ಕೆಲಸ ಬಿಟ್ಟು, ಮಹಡಿಯ ಕೋಣೆಗಳನ್ನು ಪ್ರವಾಸಿಗರಿಗೆಂದು ಸಜ್ಜು ಮಾಡಿ, "ಅಸಲಿ ಸಿಸಿಲಿ ಅಮ್ಮನಿಂದಲೇ ಅಡುಗೆ ಪಾಠ" ಎಂದು ಇಂಟರ್ನೆಟ್ಟಿನಲ್ಲಿ ಡಂಗುರ ಹೊಡೆದಿದ್ದ. ಇವರೇ ಮೊದಲ ಗಿರಾಕಿಗಳು. ಇವರು ಬೈದುಕೊಂಡು ಹೋದರೆ ಇನ್ಯಾರೂ ಈ ಕಡೆ ತಲೆಹಾಕಿಯೂ ಮಲಗುವುದಿಲ್ಲ.

"ಅಗಾತಕ್ಕಾ, ನೀವೇ ಒಂದಿನ ಅಮ್ಮ ಆಗ್ಬಿಡಿ!" ಎಂದು ಎದುರುಮನೆಯ ಬಾಲ್ಕನಿಗೆ ಕೈಮುಗಿದ.

"ಈ ಮಂಡಿ ಇಟ್ಕೊಂಡಾ? ನಾನು ಕೆಳಗಿಳಿಯೋದು ಇನ್ನು ಶವಪೆಟ್ಟಿಗೇಲೇ." ಅಗಾತಾ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ಅಲ್ವೋ, ನಿನ್ನ ಮೂಗು ಥೇಟ್ ನಿಮ್ಮಮ್ಮಂದೇ. ಹೋಗಿ ಮೀಸೆ ಬೋಳಿಸ್ಕೊ."

ಬೀದಿಯಿಂದ ತರಕಾರಿ ಮೇಲಕ್ಕೆಳೆದುಕೊಳ್ಳುವ ಬುಟ್ಟಿ ಹಗ್ಗದಲ್ಲಿ ಇಳಿದು ಬಂತು. ಒಳಗೆ ಅವಳ ಸತ್ತ ಅತ್ತೆಯ ಕರಿ ಲಂಗ, ಕರಿ ಶಾಲು; ಸಿಸಿಲಿಯ ವಿಧವೆಯರ ಉಡುಪು.

ಅತಿಥಿಗಳು ಬಂದಾಗ ಅಡುಗೆಮನೆಯಲ್ಲಿ ಬಾಗಿಲಗಲದ ಅಮ್ಮ ನಿಂತಿದ್ದಳು. "ಬನ್ನಿ ಮಕ್ಕಳೇ" ಎಂದರೆ ಎಮ್ಮೆ ಕೂಗಿದಂತಾಯಿತು.

"ಪಾಪ, ಗಂಡ ಸತ್ತಾಗ ಅತ್ತೂ ಅತ್ತೂ ಗಂಟಲೇ ಹೋಯ್ತು!" ಎಂದು ಅಗಾತಾ ಮೇಲಿಂದಲೇ ಕೂಗಿದಳು.

ಈರುಳ್ಳಿ ಹೆಚ್ಚುತ್ತ ಸರೋ ನಿಜವಾಗಿಯೂ ಗಳಗಳನೆ ಅತ್ತ. "ಇನ್ನೂ ಅವರನ್ನ ಮರೆತಿಲ್ಲ!" ಎಂದು ಅತಿಥಿ ಬಿರ್ಗಿಟ್ ತಬ್ಬಿಕೊಂಡಳು. ಅಷ್ಟರಲ್ಲಿ ಬದನೆಕಾಯಿ ಸೀದು ಇದ್ದಿಲಾಯಿತು. ಅವಳ ಗಂಡ ಮೊಗೆನ್ಸ್ ತಟ್ಟೆ ನೋಡಿ ಏನೋ ಹೇಳಲು ಬಾಯಿ ತೆರೆದ. ಸರೋ ಗಾಬರಿಯಲ್ಲಿ ಸೌಟಿನಿಂದ ಅವನ ಕೈಗೆ ಫಟ್ಟನೆ ಬಾರಿಸಿದ. "ಸುಮ್ನೆ ತಿನ್ನೋ! ಹೇಗೆ ಸೊರಗಿದೀಯ ನೋಡು!"

ಮೊಗೆನ್ಸನ ಕಣ್ಣು ತುಂಬಿತು. "ನಮ್ಮಮ್ಮ ಯಾವತ್ತೂ ಇಷ್ಟು ಪ್ರೀತಿಯಿಂದ ಹೊಡೆದಿರಲಿಲ್ಲ. ಬಿರ್ಗಿಟ್, ನಾವು ಇಡೀ ತಿಂಗಳು ಇಲ್ಲೇ ಇರೋಣ."

ಸರೋ ಮನಸ್ಸಿನಲ್ಲೇ ಊರಿನ ಸಂತರಿಗೆಲ್ಲ ಮೇಣದಬತ್ತಿ ಹಚ್ಚಿದ. ಆಗಲೇ ಬಾಗಿಲು ದಡಾರನೆ ತೆರೆಯಿತು. ತಂಗಿಯ ಜೊತೆ ಅರ್ಧ ದಿನವೂ ಏಗಲಾರದೆ ನುನ್ಸಿಯಮ್ಮ ವಾಪಸ್ ಬಂದಿದ್ದಳು. ತಂಗಿಯ ಕೃಪೆಯಿಂದ ತಲೆಗೆ ತಾಮ್ರದ ಬಣ್ಣ, ತುಟಿಗೆ ಕೆಂಪು, ಕಣ್ಣಿಗೆ ಕರಿ ಕನ್ನಡಕ.

"ಯಾರೇ ಇವಳು, ನನ್ನ ಅಡುಗೆಮನೇಲಿ? ಈ ಮನೆ ಅಮ್ಮ ನಾನು!"

ಬಿರ್ಗಿಟ್ ಕಿಸಕ್ಕನೆ ನಕ್ಕಳು. "ಹೋಗಮ್ಮಾ! ಅಸಲಿ ಸಿಸಿಲಿ ಅಮ್ಮ ಹೇಗಿರ್ತಾಳೆ ಅಂತ ನಮಗೆ ಗೊತ್ತಿಲ್ವಾ?"

ನುನ್ಸಿಯಮ್ಮ ಕಿಟಕಿಯಿಂದ ತಲೆ ಹೊರಹಾಕಿದಳು. "ಅಗಾತಾ, ನೀನಾದ್ರೂ ಹೇಳೇ!"

"ಯಾರಮ್ಮಾ ನೀನು? ಈ ಬೀದೀಲಿ ನೋಡಿದ ಹಾಗಿಲ್ಲ!"

ನುನ್ಸಿಯಮ್ಮ ಮೆಲ್ಲಗೆ ಕನ್ನಡಕ ತೆಗೆದು ಆ ಕರಿ ಲಂಗವನ್ನೂ ಅದರ ಮೇಲಿನ ಮೂಗನ್ನೂ ನೋಡಿದಳು. ಸರೋ ಕಣ್ಣು ಮುಚ್ಚಿ ಕೆನ್ನೆ ಒಡ್ಡಿದ. ಏಟು ಬೀಳಲಿಲ್ಲ. ಕುರ್ಚಿ ಎಳೆದ ಸದ್ದಾಯಿತು.

"ಸರಿ ಬಿಡಿ, ನಾನೂ ಪ್ರವಾಸಿನೇ" ಎಂದು ಅವಳು ಕಾಲ ಮೇಲೆ ಕಾಲು ಹಾಕಿ ಕೂತಳು. "ಮೇಲೆ ಇನ್ನೊಂದು ಕೋಣೆ ಖಾಲಿ ಇರಬೇಕಲ್ಲ? ನಾನೂ ತಿಂಗಳು ಇರ್ತೀನಿ. ಬೆಳಗ್ಗೆ ಹಾಸಿಗೆಗೇ ಕಾಫಿ ತಂದುಕೊಡಮ್ಮಾ."