ಭಾವನ ವ್ಯಾನಿಗೆ ಬಾಯಿ ಬಂದದ್ದು

ನಮ್ಮ ಭಾವನಿಗೆ ವ್ಯಾನು ಓಡಿಸಲು ಬರುವುದಿಲ್ಲ ಎಂದು ಬರೆದರೆ ಅವರು ನನ್ನನ್ನು ಕೊಂದೇ ಹಾಕುತ್ತಾರೆ. ಬರುತ್ತದೆಂದು ನಂಬಿ ಪಕ್ಕದಲ್ಲಿ ಕೂತರೂ ಸಾಯುವವನು ನಾನೇ! ಆದ್ದರಿಂದ ಎರಡನ್ನೂ ಬಿಟ್ಟು ನಿಜವನ್ನಷ್ಟೇ ಹೇಳುತ್ತೇನೆ. ಆ ವ್ಯಾನನ್ನು ಓಡಿಸುತ್ತಿದ್ದವರು ಇಬ್ಬರು. ಸ್ಟಿಯರಿಂಗು, ಗೇರು, ಬ್ರೇಕು ಭಾವನ ಇಲಾಖೆ. ಕಣ್ಣು, ಕಿವಿ, ವಿವೇಚನೆ ನಮ್ಮಕ್ಕನ ಇಲಾಖೆ.

"ರೀ, ಹಂಪು ಬಂತು... ಹಸು ಮಲಗಿದೆ ನೋಡಿ... ಹಾರನ್ ಹೊಡೆದ್ರೆ ಅದು ಏಳಲ್ಲ ಕಣ್ರೀ, ನೀವೇ ಸುತ್ತಾಕ್ಕೊಂಡು ಹೋಗಿ... ಮೂರಕ್ಕೆ ಹಾಕಿ, ಪಾಪ, ಗಾಡಿ ಅಳ್ತಾ ಇದೆ... ಈಗ ಎಡಕ್ಕೆ. ಎಡ ಅಂದ್ರೆ ನನ್ನ ಕಡೆ!"

ಲಕ್ಷ್ಮೀಪುರಂನ ಮನೆಯಿಂದ ದೇವರಾಜ ಮೊಹಲ್ಲಾದ ಪಾತ್ರೆ ಅಂಗಡಿಯವರೆಗೆ ಈ ಧಾರಾವಾಹಿ ನಡೆಯುತ್ತಿತ್ತು. ಹೊಸದಾಗಿ ಮದುವೆಯಾದಾಗ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಶುರುವಾದದ್ದು, ವ್ಯಾನು ಬಂದ ಮೇಲೆ ಎಡಗಡೆ ಸೀಟಿಗೆ ಬಡ್ತಿ ಪಡೆದಿತ್ತು. ಭಾವ ಗೊಣಗುತ್ತಿದ್ದರು, ರೇಗುತ್ತಿದ್ದರು, "ನೀನೇ ಓಡಿಸು ಬಾ" ಎನ್ನುತ್ತಿದ್ದರು. ಆದರೆ ಅಕ್ಕ ಹೇಳುವ ತನಕ ಎಡಕ್ಕೆ ತಿರುಗುತ್ತಿರಲಿಲ್ಲ.

ಭಾವನ ಕೈಗಳ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಅವರ ಬಾಯಿ ಆಡಿದ ಮಾತನ್ನು ಕೈಗಳು ಮತ್ತೊಮ್ಮೆ ಆಡಿ ತೋರಿಸಬೇಕು. ಅಂಗಡಿಗೆ ಫೋನು ಬಂದರೆ ರಿಸೀವರನ್ನು ಕತ್ತಿಗೆ ಸಿಕ್ಕಿಸಿಕೊಂಡು, "ಹಂಡೆ ಬಂದದೆ ಕಣಯ್ಯಾ, ಇಷ್ಟಗಲ!" ಎಂದು ಎರಡೂ ತೋಳು ಚಾಚುವರು. ಆ ಕಡೆ ಗುಂಡ್ಲುಪೇಟೆಯಲ್ಲಿ ಕೂತ ಗಿರಾಕಿಗೆ ಅದು ಕಾಣುವುದಾದರೂ ಹೇಗೆ? ಆದರೂ ವ್ಯಾಪಾರ ಕುದುರುತ್ತಿತ್ತು, ಅದೇ ವಿಚಿತ್ರ! ಹಿರಿಯರೋ ಮಠದವರೋ ಫೋನು ಮಾಡಿದರಂತೂ ಮುಗಿಯಿತು. ಎರಡೂ ಕೈ ಜೋಡಿಸಿ, ತಲೆ ಬಾಗಿಸಿ, "ಶರಣು, ಶರಣು" ಎನ್ನದೆ ಮುಂದಿನ ಮಾತೇ ಇಲ್ಲ. ಒಂದೇ ಕೈಯಲ್ಲಿ ಹೇಳಿದರೆ ಸಾಲದೇ ಎಂದು ಒಮ್ಮೆ ಕೇಳಿದ್ದೆ. "ಒಂದ್ ಕೈಲಿ ಅಂದ್ರೆ ಅದು ಟಾಟಾ ಕಣೋ, ಶರಣು ಎಂಗಾಯ್ತದೆ?" ಎಂದು ಗದರಿದ್ದರು. ಅವರಿಂದ ಕೈ ಮುಗಿಸಿಕೊಳ್ಳದವರು ಇಡೀ ಮೈಸೂರಿನಲ್ಲಿ ಇಬ್ಬರೇ: ಟ್ರಾಫಿಕ್ ಪೊಲೀಸರು ಮತ್ತು ನಮ್ಮಕ್ಕ.

ಅಂಥ ಅಕ್ಕ ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು, ಮೂಳೆ ಕೂಡಿತು, ಆದರೆ ಮಾತು ನಿಂತುಹೋಯಿತು. ಗೋಡೆ ಕಡೆ ಮುಖ ಮಾಡಿ ಮಲಗಿದವಳು ಈ ಕಡೆ ತಿರುಗಲೇ ಇಲ್ಲ. "ಎದ್ದು ಕೂರಬೇಕು, ವಾಕರ್ ಹಿಡಿದು ನಡೀಬೇಕು. ಹೀಗೇ ಮಲಗಿಬಿಟ್ರೆ ಆಮೇಲೆ ಏಳೋದೇ ಇಲ್ಲ" ಎಂದು ಡಾಕ್ಟರು ಎಚ್ಚರಿಸಿದರು. ಭಾವ ರಸಬಾಳೆ ತಂದರು, ಮಲ್ಲಿಗೆ ತಂದರು, ಕೊನೆಗೆ ಜಗಳವನ್ನೂ ತಂದು ನೋಡಿದರು. "ಈ ಉಪ್ಪಿಟ್ಟಿಗೆ ಉಪ್ಪೇ ಇಲ್ಲ, ಯಾರು ಮಾಡಿದ್ದು ಇದನ್ನ?" ಎಂದು ಮಂಚದ ಪಕ್ಕ ನಿಂತು ಕೂಗಾಡಿದರು. (ಮಾಡಿದವರು ಅವರೇ!) ಅಕ್ಕ ಜಗಳಕ್ಕೂ ಏಳಲಿಲ್ಲ. "ಇನ್ನು ನನ್ನಿಂದ ಯಾರಿಗೇನು ಆಗ್ಬೇಕಾಗಿದೆ ಬಿಡಿ" ಎಂದಷ್ಟೇ ಹೇಳಿ ಸೆರಗು ಹೊದ್ದುಕೊಂಡಳು.

ಖಾಲಿಯಾದ ಎಡಗಡೆ ಸೀಟು ನನ್ನ ಪಾಲಿಗೆ ಬಂತು. ನನ್ನ ಆಫೀಸು ಅವರ ಅಂಗಡಿಯ ದಾರಿಯಲ್ಲೇ ಇರುವುದು ಯಾವ ಜನ್ಮದ ಪಾಪವೋ! ನಾನೋ, ಲಿಫ್ಟಿನ ಬಾಗಿಲು ಮುಚ್ಚಿದರೆ ಮನೆದೇವರನ್ನು ನೆನೆಯುವ ಪೈಕಿ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ಓಡಿಬಂದು ನೋಡಿ, ಬೀಗ ಹಾಕಿದೆನೋ ಇಲ್ಲವೋ ಎಂದು ಮತ್ತೆ ಓಡಿಬರುವವನು. ಭಾವನ ಪಕ್ಕ ಕೂರತೊಡಗಿದ ಮೇಲೆ ರಕ್ತದ ಗುಂಪು ಬರೆದ ಚೀಟಿಯೊಂದನ್ನು ಜೇಬಿನಲ್ಲಿಟ್ಟುಕೊಂಡೆ. "ಕಾಣೋ ಹಾಗೆ ಇಟ್ಕೊಳ್ಳಿ" ಎಂದಳು ನನ್ನ ಹೆಂಡತಿ. ಇಂಥ ಪ್ರೀತಿ ಯಾರಿಗುಂಟು!

ಹೀಗಿರುವಾಗ ಭಾವ ಒಂದು ದಿನ ಘೋಷಿಸಿದರು: "ಗಾಡಿಗೆ ಬ್ಲೂಟೂತ್ ಹಾಕಿಸ್ತೀನಿ."

ಆಗೆಲ್ಲ ಊರಿಗೆ ಮೊಬೈಲು ಬಂದು ಎಲ್ಲರ ಕಿವಿಗೂ ಅಂಟಿಕೊಂಡಿದ್ದ ಕಾಲ. ಈ ಬ್ಲೂಟೂತ್ ಅನ್ನುವುದು ಮಾತ್ರ ದೊಡ್ಡ ದೊಡ್ಡ ಕಾರಿನವರ ಸೊತ್ತು. ಫೋನು ಜೇಬಿನಲ್ಲೇ ಇರುತ್ತದೆ, ಮಾತು ಗಾಡಿಯೊಳಗಿನ ಡಬ್ಬಿಯಿಂದ ಬರುತ್ತದೆ, ಕೈಗೆ ಕೆಲಸವೇ ಇಲ್ಲ. ಭಾವನ ಕೈಗೆ ಕೆಲಸವಿಲ್ಲದಿದ್ದರೆ ಏನಾದೀತೆಂದು ನನಗೊಬ್ಬನಿಗೇ ಗೊತ್ತಿತ್ತು. ಸಾಲದ್ದಕ್ಕೆ, ಹೆಂಡತಿ ಹಾಸಿಗೆ ಹಿಡಿದಿರುವಾಗ ಈ ಮನುಷ್ಯನಿಗೆ ವ್ಯಾನಿನ ಶೃಂಗಾರವೇ?

"ಅಕ್ಕ ಆ ಸ್ಥಿತೀಲಿದಾಳೆ, ಈಗ ಇದೆಲ್ಲ ಬೇಕಾ ಭಾವಾ?"

"ಈಗ್ಲೇ ಬೇಕು. ನಿಂಗೊತ್ತಾಗಲ್ಲ ಬುಡೋ" ಎಂದರು.

ಮಂಡಿ ಮೊಹಲ್ಲಾದ ಅಂಗಡಿಯಲ್ಲಿ ವ್ಯಾನು ನಿಂತಿತು. ಅಂಗಡಿಯವರು ಕರೀ ಡಬ್ಬಿಯೊಂದನ್ನು ತಂದು ಕನ್ನಡಿಯ ಪಕ್ಕದಲ್ಲಿ ಕೂರಿಸಿದರು. ಸೀಟಿನ ಹಿಂದೆ ದೊಡ್ಡ ಸ್ಪೀಕರು ಬಂತು. "ಚಿಕ್ಕದು ಸಾಕು ಸಾರ್" ಎಂದರೂ ಭಾವ ಕೇಳಲಿಲ್ಲ. ಪಾತ್ರೆ ವ್ಯಾಪಾರದವರು, ದೊಡ್ಡದಿದ್ದರೆ ಬಾಳಿಕೆ ಎಂಬ ನಂಬಿಕೆ. ಎಲ್ಲ ಆದ ಮೇಲೆ ಅಂಗಡಿಯವರು, "ಈಗ ಫೋನೂ ಮಿಷನ್ನೂ ಜೋಡಿ ಮಾಡ್ಬೇಕು ಸಾರ್, ಫೋನ್ ಕೊಡಿ" ಎಂದರು.

ಭಾವ ಗಡಿಯಾರ ನೋಡಿಕೊಂಡರು. "ಈಗ ರಾಹುಕಾಲ. ಕಳೀಲಿ."

"ಸಾರ್, ಒಂದು ಗುಂಡಿ ಒತ್ತಿದ್ರೆ ಆಗ್ಬುಡ್ತದೆ!"

"ಜೋಡಿ ಮಾಡೋದು ಅಂದ್ಮೇಲೆ ಘಳಿಗೆ ನೋಡ್ಬೇಡ್ವಾ? ನಾಳೆ ಇವೆರಡೂ ಕಿತ್ತಾಡ್ಕಂಡ್ರೆ ನೀವು ಬಂದು ಪಂಚಾಯ್ತಿ ಮಾಡ್ತೀರಾ?"

ರಾಹುಕಾಲ ಕಳೆಯುವ ತನಕ ನಾವು ಮೂವರೂ ಟೀ ಕುಡಿದೆವು. ಒಳ್ಳೆಯ ಘಳಿಗೆಯಲ್ಲಿ ಡಬ್ಬಿಯ ನೀಲಿ ದೀಪ ಮಿಣುಕಿತು. ಭಾವ ಅಂಗಡಿಯವರ ಕೈ ಕುಲುಕಿದ ರೀತಿ ನೋಡಿದರೆ ಬೀಗರಾದಂತೆಯೇ ಇತ್ತು.

ಮಾರನೆಯ ದಿನ ಡಬ್ಬಿ ಮೂಕವಾಯಿತು. ಅಂದರೆ ಆ ಕಡೆಯವರ ಮಾತು ನಮಗೆ ಕೇಳುತ್ತಿತ್ತು, ನಮ್ಮ ಮಾತು ಅವರಿಗೆ ಹೋಗುತ್ತಿರಲಿಲ್ಲ. "ಯಾಕ್ ಸ್ವಾಮಿ, ಬಾವಿಯೊಳಗೆ ಬಿದ್ದಿದೀರಾ?" ಎಂದು ಗುಂಡ್ಲುಪೇಟೆಯವರು ಗಾಬರಿಯಾದರು. ಮತ್ತೆ ಮಂಡಿ ಮೊಹಲ್ಲಾಕ್ಕೆ ಓಡಿದೆವು. ಅಂಗಡಿಯವರು ಡಬ್ಬಿ ಬಿಚ್ಚಿ, ಮೂಸಿ, ಉಫ್ ಎಂದು ಊದಿದರು. ಬಿಳಿ ಪುಡಿ ಹಾರಿ ನನ್ನ ಕಣ್ಣಿಗೆ ಬಿತ್ತು. ಹೊಸ ವಸ್ತು ಮನೆಗೆ ಬಂದರೆ ಪೂಜೆ ಬಿಡುತ್ತದೆಯೇ? ಭಾವ ಬೆಳಿಗ್ಗೆ ಸ್ನಾನ ಮಾಡಿ, ನೆನೆಸಿದ ವಿಭೂತಿಯ ಮೂರು ಪಟ್ಟೆಯನ್ನು ಡಬ್ಬಿಯ ಹಣೆಗೆ ಎಳೆದಿದ್ದರು. ಅವರು ಹಣೆ ಎಂದುಕೊಂಡದ್ದು ಅದರ ಬಾಯಿ!

"ಸಾರ್, ಮುಂದಿನ ಸಲ ಹಿಂದ್ಗಡೆ ಹಚ್ಚಿ."

"ವಿಭೂತೀನ ಬೆನ್ನಿಗೆ ಯಾರಾದ್ರೂ ಹಚ್ತಾರೇನ್ರೀ?" ಎಂದು ಭಾವ ನೊಂದುಕೊಂಡರು. ಕೊನೆಗೆ ಡಬ್ಬಿಯ ತಲೆಯ ಮೇಲೆ ಒಂದೇ ಒಂದು ಪಟ್ಟೆ ಎಂದು ರಾಜಿಯಾಯಿತು.

ಆಮೇಲೆ ಶುರುವಾಯಿತು ನೋಡಿ ನನ್ನ ಕರ್ಮ! ಸಯ್ಯಾಜಿರಾವ್ ರಸ್ತೆಯಲ್ಲಿ ಹೋಗುತ್ತಿದ್ದೇವೆ. ಡಬ್ಬಿ ಗುಣುಗುಣು ಎಂದಿತು. ಮಠದ ಸ್ವಾಮಿಗಳು! ಅಕ್ಕನ ಆರೋಗ್ಯ ಕೇಳಲು ಖುದ್ದಾಗಿ ಫೋನು ಮಾಡಿದ್ದಾರೆ.

"ಶರಣು ಬುದ್ಧೀ!" ಎಂದು ಭಾವ ಸ್ಟಿಯರಿಂಗಿನಿಂದ ಎರಡೂ ಕೈ ತೆಗೆದು ಡಬ್ಬಿಗೆ ಮುಗಿದರು. ಕಣ್ಣನ್ನೂ ಮುಚ್ಚಿದರು! ವ್ಯಾನು ತಾನೇ ಯಜಮಾನನಾಗಿ ಕಬ್ಬಿನ ಹಾಲಿನ ಗಾಡಿಯತ್ತ ಹೊರಟಿತು. ನಾನು ಅಡ್ಡಬಿದ್ದು ಸ್ಟಿಯರಿಂಗು ತಬ್ಬಿಕೊಂಡೆ.

"ಏನದು ಸದ್ದು?" ಎಂದರು ಸ್ವಾಮಿಗಳು.

"ನಮ್ಮ ಭಾಮೈದ ಬುದ್ಧೀ. ಅಡ್ಡಬಿದ್ದ!"

"ಒಳ್ಳೇದಾಗ್ಲಿ" ಎಂದು ಆಶೀರ್ವದಿಸಿದರು. ನಾವು ಬದುಕಿದ್ದು ಅದರಿಂದಲೇ ಇರಬೇಕು. ಅಂದಿನಿಂದ ಡಬ್ಬಿ ಗುಣುಗುಟ್ಟಿದರೆ ಸಾಕು, ನನ್ನ ಬಲಗೈ ತಂತಾನೇ ಸ್ಟಿಯರಿಂಗಿಗೆ ಹೋಗುವುದು ಅಭ್ಯಾಸವಾಯಿತು.

ಇನ್ನೊಂದು ದಿನ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಡಾಕ್ಟರ ಫೋನು. ಸೆಕೆಗೆ ಕಿಟಕಿಗಳೆಲ್ಲ ತೆಗೆದಿದ್ದವು. ಆ ದೊಡ್ಡ ಸ್ಪೀಕರು ಇಡೀ ರಸ್ತೆಗೆ ಕೇಳುವಂತೆ, "ಮನೆಯವರಿಗೆ ಇವತ್ತಾದ್ರೂ ಹೊಟ್ಟೆ ಸಲೀಸಾಯ್ತಾ?" ಎಂದು ಗುಡುಗಿತು.

ನಾನು ಆಕಾಶ ನೋಡಿದೆ. ಭಾವ ಮಾತ್ರ ಕೈಯಲ್ಲಿ ವಿವರವಾಗಿ ಉತ್ತರ ಕೊಡುತ್ತಿದ್ದರು. ಪಕ್ಕದ ಸ್ಕೂಟರಿನವರು ಬಗ್ಗಿ, "ಬಿಸಿನೀರಿಗೆ ತುಪ್ಪ ಹಾಕಿ ಕೊಡಿ ಸಾರ್" ಎಂದರು. ಆಟೋದವನು, "ತುಪ್ಪ ಬ್ಯಾಡಿ, ಮಲಗಿರೋರ್ಗೆ ಅರಗಲ್ಲ. ದ್ರಾಕ್ಷಿ ನೆನೆಸಿ ಕೊಡಿ" ಎಂದ. "ದ್ರಾಕ್ಷಿ ಅಂದ್ರೆ ಕರೀದೋ ಬಿಳೀದೋ ಕೇಳಿ" ಎಂದು ಸ್ಪೀಕರಿನೊಳಗಿನಿಂದ ಡಾಕ್ಟರೂ ಸೇರಿಕೊಂಡರು! ಹಸಿರು ದೀಪ ಬಿದ್ದರೂ ಯಾರೂ ಕದಲಲಿಲ್ಲ.

ಆ ದಿನ ದ್ರಾಕ್ಷಿ ಕೊಟ್ಟದ್ದಾಯಿತು. ಅಕ್ಕ ನುಂಗಿದಳು, ಗೋಡೆ ಕಡೆ ತಿರುಗಿದಳು.

ಮರುದಿನದಿಂದ ಭಾವನದು ಹೊಸ ವರಸೆ. ಹೊರಡುವ ಮುಂಚೆ ಅಕ್ಕನ ದಿಂಬಿನ ಪಕ್ಕ ಅವಳ ಮೊಬೈಲು ಇಡುವರು. ಗೇಟು ದಾಟಿದೊಡನೆ ಫೋನು. ಅಕ್ಕ ಗುಂಡಿ ಒತ್ತುತ್ತಿದ್ದಳು, ಮಾತಾಡುತ್ತಿರಲಿಲ್ಲ. ಭಾವ ಆ ಮೌನದ ಜೊತೆಗೇ ಹರಟುತ್ತ ಹೋಗುವರು: "ಹಂಪು ಬಂತು ಕಣೇ... ಆ ಹಸು ಇಲ್ಲೇ ಮಲಗದೆ... ಮೂಲೆ ಮನೆಯವ್ರು ಗೋಡೆಗೆ ಹಸ್ರು ಬಣ್ಣ ಬಳ್ಸವ್ರೆ, ಅಸಹ್ಯವಾಗದೆ... ಈಗ ಎತ್ಲಾಗ್ ತಿರುಗ್ಲಿ?"

ದೇವರಾಜ ಮೊಹಲ್ಲಾದಲ್ಲೇ ಹುಟ್ಟಿ ಬೆಳೆದ ಮನುಷ್ಯ, ತನ್ನ ಅಂಗಡಿಗೇ ದಾರಿ ಕೇಳುವುದೇ? ನಾನು ತಡೆಯಲಾರದೆ, "ಎಡಕ್ಕೆ ಭಾವಾ" ಎಂದೆ.

"ನಿನ್ನ ಯಾರೋ ಕೇಳಿದ್ರು?" ಎಂದು ಹರಿಹಾಯ್ದರು. ಡಬ್ಬಿ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಕಾದು ಭಾವ ಮುಖ ಸಪ್ಪೆ ಮಾಡಿಕೊಂಡು ಎಡಕ್ಕೆ ತಿರುಗಿದರು. ಹೀಗೇ ದಿನಾ. ವ್ಯಾನಿನೊಳಗೆ ಅಕ್ಕನ ಉಸಿರು ಮಾತ್ರ ಕೇಳುತ್ತಿತ್ತು. ದೊಡ್ಡ ಸ್ಪೀಕರು ತಂದದ್ದು ಯಾಕೆಂದು ನನಗೆ ಆಗ ಹೊಳೆಯಿತು.

ಆಮೇಲೊಂದು ಬೆಳಿಗ್ಗೆ ಅದೇ ತಿರುವಿನ ಸಿಗ್ನಲ್ಲು. ಭಾವ ಎಂದಿನಂತೆ ಕೇಳಿದರು, "ಎತ್ಲಾಗ್ ತಿರುಗ್ಲಿ?" ಹಸಿರು ಬಿತ್ತು. ಆದರೆ ಆ ದಿನ ಭಾವ ತಿರುಗಲೂ ಇಲ್ಲ, ಮುಂದಕ್ಕೂ ಹೋಗಲಿಲ್ಲ. ಬ್ರೇಕು ಒತ್ತಿ ಕೂತುಬಿಟ್ಟರು.

"ನೀ ಹೇಳೋಗಂಟ ನಾ ಇಲ್ಲಿಂದ ಕದಲಾಕಿಲ್ಲ" ಎಂದರು ಡಬ್ಬಿಗೆ.

ಹಿಂದೆ ಹಾರನ್ನುಗಳ ಹಬ್ಬ. ಟ್ರಾಫಿಕ್ ಪೊಲೀಸರು ಓಡಿಬಂದು ಕಿಟಕಿಗೆ ಬಡಿದರು.

"ರೀ ಯಜಮಾನ್ರೇ, ಗ್ರೀನು ಬಿದ್ದು ಯಾವ ಕಾಲ ಆಯ್ತು! ಗಾಡಿ ಕೆಟ್ಟಿದ್ಯಾ?"

"ಇಲ್ಲ ಸ್ವಾಮಿ. ಮನೆಯವ್ರನ್ನ ಕೇಳ್ತಾ ಇವ್ನಿ."

"ಏನನ್ನ?"

"ಎಡಕ್ಕೋ ಬಲಕ್ಕೋ ಅಂತ."

ಪೊಲೀಸರು ನನ್ನ ಮುಖ ನೋಡಿದರು. ನಾನು ಜೇಬಿನ ಚೀಟಿ ಮುಟ್ಟಿ ನೋಡಿಕೊಂಡೆ. "ತಲೆ ಗಿಲೆ ಸರೀಗಿದೆಯೇನ್ರೀ? ನಡುರಸ್ತೇಲಿ ನಿಂತ್ಕೊಂಡು ಹೆಂಡ್ತೀನ ದಾರಿ ಕೇಳ್ತೀರಲ್ಲ, ಲೈಸೆನ್ಸ್ ತೆಗೀರಿ ಮೊದ್ಲು! ವಯಸ್ಸಾದೋರು ಅಂತ ಸುಮ್ನಿದ್ರೆ..."

"ಸ್ವಾಮೀ!"

ಕೂಗಿದ್ದು ಡಬ್ಬಿ. ಪೊಲೀಸರು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದರು.

"ಅವರನ್ನ ಬಯ್ಬೇಡಿ ಸ್ವಾಮಿ" ಎಂದಿತು ಅಕ್ಕನ ದನಿ. ಬಳಸದೆ ಇಟ್ಟ ಪಾತ್ರೆಯ ಹಾಗೆ ಕಿಲುಬು ಹಿಡಿದಿತ್ತು. "ನಾನು ಹೇಳ್ದೆ ಅವರಿಗೆ ದಾರಿ ಗೊತ್ತಾಗಲ್ಲ. ಒಂದು ನಿಮಿಷ ಇರಿ... ಮಲಗಿದ್ರೆ ಸರಿಯಾಗಿ ಕೇಳ್ಸಲ್ಲ. ಎದ್ದು ಕೂತ್ಕೋತೀನಿ."

ದೊಡ್ಡ ಸ್ಪೀಕರಿನ ತುಂಬ ಮಂಚ ಕಿರ್ರೆಂದಿತು. "ಅಯ್ಯಮ್ಮಾ" ಎಂದು ನರಳಿದ ಸದ್ದು. ಮತ್ತೊಮ್ಮೆ ಕಿರ್ರೆಂದಿತು. ಪೊಲೀಸರು ಯಾಕೋ ಹಿಂದಿನ ಗಾಡಿಗಳ ಕಡೆ ತಿರುಗಿ ಕೈ ಅಡ್ಡ ಹಿಡಿದರು.

"ಹ್ಞೂಂ, ಕೂತೆ. ಎಡಕ್ಕೆ ರೀ! ಎಷ್ಟು ವರ್ಷದಿಂದ ಹೇಳ್ತಾ ಇದೀನಿ, ಎಡಕ್ಕೆ! ಇಂಡಿಕೇಟರ್ ಹಾಕಿದ್ರಾ? ಟಿಕ್ ಟಿಕ್ ಕೇಳ್ತಾನೇ ಇಲ್ಲ!"

ಹೇಗೆ ಕೇಳಬೇಕು? ಭಾವನ ಎರಡೂ ಕೈಗಳು ಸ್ಟಿಯರಿಂಗು ಬಿಟ್ಟಿದ್ದವು. ತಲೆ ಬಾಗಿಸಿ, ಕಣ್ಣು ಮುಚ್ಚಿ, ಒಂದೇ ಪಟ್ಟೆ ವಿಭೂತಿಯ ಆ ಕರೀ ಡಬ್ಬಿಗೆ ಅವರು ಕೈ ಮುಗಿದು ಕೂತಿದ್ದರು.

ನನ್ನ ಬಲಗೈ ಅಭ್ಯಾಸದಂತೆ ಸ್ಟಿಯರಿಂಗಿಗೆ ಹೋಗಿತ್ತು. ಆ ಜೋಡಿಸಿದ ಕೈಗಳಿಗೆ ತಗಲದ ಹಾಗೆ ಅದನ್ನು ಕೆಳಗಿನಿಂದ ತೂರಿಸಿ ಎಡಗಡೆಯ ಇಂಡಿಕೇಟರ್ ಹಾಕಿದೆ.

ಟಿಕ್, ಟಿಕ್, ಟಿಕ್ ಎಂದಿತು.

"ಹಾಂ, ಈಗ ಕೇಳಿಸ್ತು" ಎಂದಳು ಅಕ್ಕ. "ನಿಧಾನಕ್ಕೆ ತಿರುಗಿಸಿ."