ಸೂರ್ಯನಿಲ್ಲದ ಊರಿನ ಪ್ರವಾಸಿ ಅಧಿಕಾರಿಗಳಿಗೆ

ಉತ್ತರ ಯೂರೋಪಿನ ತುತ್ತತುದಿಯ ಸುಂದರ ನಗರದ ಪ್ರವಾಸಿ ಮಾಹಿತಿ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಸೂರ್ಯನ ಮುಖ ನೋಡದೆಯೂ ನಗುನಗುತ್ತಾ ಬಾಳುವ ತಮಗೂ ತಮ್ಮ ಸಿಬ್ಬಂದಿಗೂ ಈ ದರ್ಜಿಯ ಅನಂತ ನಮಸ್ಕಾರಗಳು.

ನನ್ನ ಅಕ್ಕ ಆಸ್ಪತ್ರೆಯಲ್ಲಿ ನರ್ಸ್ ಆಗಿ ಅರ್ಧ ಆಯುಷ್ಯವನ್ನು ನೈಟ್ ಡ್ಯೂಟಿಯಲ್ಲೇ ಸವೆಸಿ ಹೋದ ವರ್ಷ ನಿವೃತ್ತಳಾದಳು. 'ಕತ್ತಲೆ ಸಾಕಾಗ್ಹೋಗಿದೆ ಕಣೋ, ಸೂರ್ಯ ಮುಳುಗದ ಊರು ಎಲ್ಲಾದ್ರೂ ಇದ್ರೆ ತೋರಿಸು' ಎಂದು ಅವಳು ನನ್ನನ್ನು ಬಾಯಿಬಿಟ್ಟು ಕೇಳಿದ್ದು ಜೀವಮಾನದಲ್ಲಿ ಅದೊಂದನ್ನೇ. ಸೂರ್ಯ ಮುಳುಗುವುದೇ ಇಲ್ಲವೆಂದು ಹೆಸರಾದ ತಮ್ಮ ಊರಿಗೆ ಬರಲು ಯಾವ ಕಾಲ ಒಳ್ಳೆಯದೆಂದು ನಾನು ತಮ್ಮನ್ನೇ ವಿಚಾರಿಸಿದಾಗ, 'ಎಲ್ಲ ಕಾಲವೂ ಅತ್ಯುತ್ತಮ. ಚಳಿಗಾಲದಲ್ಲಂತೂ ಜನಜಂಗುಳಿ ಇರದು, ಬೆಳಕಿನ ಸೊಬಗೇ ಬೇರೆ' ಎಂದು ತಾವು ಕೃಪೆಯಿಟ್ಟು ತಿಳಿಸಿದಿರಿ.

ತಮ್ಮ ಮಾತು ನಂಬಿ ಚಳಿಗಾಲದಲ್ಲೇ ಬಂದಿಳಿದೆವು. ಬೆಳಕಿನ ಸೊಬಗು ನಿಜಕ್ಕೂ ಬೇರೆಯೇ ಆಗಿತ್ತು, ಏಕೆಂದರೆ ಅದು ಬೇರೆ ಊರಿನಲ್ಲಿತ್ತು. ಊಟದ ಹೊತ್ತಿಗೆ ಸೂರ್ಯ, ಮಾತು ಬಿಟ್ಟ ನೆಂಟನಂತೆ, ಮನೆಗಳ ಹಿಂದಿನಿಂದ ಒಮ್ಮೆ ಇಣುಕಿ ಹಾಗೆಯೇ ಜಾರಿಕೊಂಡ. ಜನಜಂಗುಳಿಯೂ ಇರಲಿಲ್ಲ, ಬೀದಿಯಲ್ಲಿ ನಾವಿಬ್ಬರೇ ಒಬ್ಬರ ತೋಳು ಒಬ್ಬರು ಹಿಡಿದು ಮಂಜುಗಡ್ಡೆಯ ಮೇಲೆ ತಡವರಿಸುತ್ತಿದ್ದೆವು. 'ರಿಟೈರ್ ಆದ್ಮೇಲೂ ನೈಟ್ ಡ್ಯೂಟಿಗೇ ಕರ್ಕೊಂಡು ಬಂದ್ಯಲ್ಲೋ, ಮಹಾರಾಯ!' ಎಂದಳು ಅಕ್ಕ. ತಮಾಷೆ ಮಾಡುತ್ತಿದ್ದಾಳೆಂದುಕೊಂಡೆ, ನೋಡಿದರೆ ಅವಳ ಕಣ್ಣು ತುಂಬಿತ್ತು.

ಮರುದಿನ, ನಾವು ಇಳಿದುಕೊಂಡಿದ್ದ ಮನೆಯ ಯಜಮಾನಿ ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡರು. ತಮ್ಮ ಅತ್ಯುತ್ತಮ ಕಾಲವು ಊರಿನವರು, ಪ್ರವಾಸಿಗಳು ಎಂಬ ಭೇದ ಮಾಡದೆಂದು ತಿಳಿದು ಮೆಚ್ಚಿಕೊಂಡೆ. ಅಕ್ಕ ನನ್ನ ಮಫ್ಲರ್ ಕಿತ್ತುಕೊಂಡು ಆಕೆಯ ಕೈಗೆ ಜೋಲಿ ಕಟ್ಟಿ, ಆಸ್ಪತ್ರೆಗೂ ಜೊತೆಗೆ ಹೋದಳು. ಉಳಿದ ದಿನಗಳೆಲ್ಲ ಆಕೆಯ ತಲೆ ಬಾಚಿದ್ದೂ ಸೂಪು ಮಾಡಿಕೊಟ್ಟಿದ್ದೂ ಅಕ್ಕನೇ; ಒಬ್ಬರ ಭಾಷೆ ಒಬ್ಬರಿಗೆ ತಿಳಿಯದಿದ್ದರೂ ಇಬ್ಬರೂ ಹರಟಿದ್ದೇ ಹರಟಿದ್ದು. ಹೊರಡುವಾಗ ಯಜಮಾನಿ ಗೋಡೆಯ ಕ್ಯಾಲೆಂಡರಿನಲ್ಲಿ ಜೂನ್ ತಿಂಗಳನ್ನು ತೋರಿಸಿ, ಅಕ್ಕನ ಭುಜ ತಟ್ಟಿ, ಅವಳು ಮಲಗಿದ್ದ ಹಾಸಿಗೆಯತ್ತ ಬೆರಳು ಮಾಡಿದರು. ಇಡೀ ಕಚೇರಿ ಕಟ್ಟಿಕೊಂಡ ತಮ್ಮಿಂದ ಆಗದ ಉತ್ತರವನ್ನು ಆ ಮಹಾತಾಯಿ ಒಂದೇ ಕೈಯಲ್ಲಿ ಕೊಟ್ಟುಬಿಟ್ಟರು.

ಅಕ್ಕ ಜೂನ್‌ಗೆ ಟಿಕೆಟ್ ಮಾಡಿಸಿದ್ದಾಳೆ. 'ನೀನು ಬೇಡಪ್ಪಾ, ನೀನು ಬಂದ್ರೆ ಸೂರ್ಯ ರಜಾ ಹಾಕ್ತಾನೆ' ಎಂದಿದ್ದಾಳೆ. ಆದ್ದರಿಂದ ನನ್ನ ಪಾಲಿನ ಸೂರ್ಯನನ್ನು ತಾವು ನೀಟಾಗಿ ಮಡಚಿ ಅಂಚೆಯಲ್ಲಿ ಕಳಿಸಿಕೊಡಬೇಕೆಂದು ಕೋರುತ್ತೇನೆ. ಅಳತೆ ಹೆಚ್ಚುಕಡಿಮೆಯಾದರೆ ನಾನೇ ಸರಿಮಾಡಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
ಅಕ್ಕನ ವಿಶ್ವಾಸ ಕಳೆದುಕೊಂಡ ತಮ್ಮ

ವಿ.ಸೂ.: ತಾವೂ ಸಕುಟುಂಬರಾಗಿ ನಮ್ಮ ಊರಿಗೆ ದಯಮಾಡಿಸಬೇಕು. ರಸ್ತೆಯ ಟಾರು ಕರಗುವ ಮೇ ತಿಂಗಳೇ ಪ್ರಶಸ್ತ. ದಪ್ಪ ಉಣ್ಣೆಯ ಕೋಟು ತೊಟ್ಟೇ ಬನ್ನಿ.