ಬರಿಗಾಲಿನ ಪಿಟೀಲು ಕಛೇರಿ

ವಿಯೆನ್ನಾದ ಹಳೆಯ ಚರ್ಚಿನ ಬಾಗಿಲಲ್ಲಿ ಅಜ್ಜಂಪುರದ ಕಲ್ಲೇಶಪ್ಪ ಶೂ ಬಿಚ್ಚಿಟ್ಟರು. ದೇವರಿರುವ ಕಡೆ ಮೆಟ್ಟಿಕೊಂಡು ಹೋಗಿ ಅವರಿಗೆ ಅಭ್ಯಾಸವಿರಲಿಲ್ಲ. ಛಾವಣಿಯ ತುಂಬ ಬಿಡಿಸಿದ್ದ ದೇವದೂತರನ್ನು ಕತ್ತು ನೋಯುವಷ್ಟು ನೋಡಿ ಹೊರಬಂದರೆ ಶೂ ಇರಲಿಲ್ಲ.

ಅವರು ಸಾಕ್ಸಿನಲ್ಲೇ ಬಾಗಿಲ ಮರೆಗೆ ಸರಿದರು. ಚಳಿಗಲ್ಲ, ಆಚೆ ನಿಂತಿದ್ದ ಹೆಂಡತಿಯ ಭಯಕ್ಕೆ. ಹೋದ ತಿಂಗಳು ಕಡೂರಿನ ಮದುವೆ ಛತ್ರದಲ್ಲಿ ಚಪ್ಪಲಿ ಕಳೆದು ಬರಿಗಾಲಲ್ಲಿ ಬಸ್ಸು ಹತ್ತಿದಾಗಲೇ, ಇನ್ನೊಮ್ಮೆ ಹೀಗಾದರೆ ನಿಮ್ಮ ಜೊತೆ ಎಲ್ಲಿಗೂ ಬರುವುದಿಲ್ಲವೆಂದು ತೀರ್ಥಮ್ಮ ಹೇಳಿಯಾಗಿತ್ತು. ಅದೂ ಅಲ್ಲದೆ ಸಂಜೆ ಪಿಟೀಲು ಕಛೇರಿ. ರೇಡಿಯೋದಲ್ಲಿ ಪಿಟೀಲು ಬಂದರೆ ಒಲೆಯ ಉರಿ ತಗ್ಗಿಸಿ ನಿಲ್ಲುವ ತೀರ್ಥಮ್ಮ ಗಂಡನನ್ನು ಬಾಯಿಬಿಟ್ಟು ಕೇಳಿದ್ದೆಂದರೆ ಇದೊಂದೇ, ಎದುರಿಗೆ ಕೂತು ಕೇಳಬೇಕೆಂದು. ಶೂ ಇಲ್ಲದವರನ್ನು ಸಭಾಂಗಣದೊಳಗೆ ಬಿಡುವುದಿಲ್ಲವೆಂದು ಪ್ರವಾಸ ಕರೆತಂದಿದ್ದ ಪರಮೇಶ್ ಬೆಳಿಗ್ಗೆಯೇ ಎಚ್ಚರಿಸಿದ್ದ. ಭಾನುವಾರ ಬೇರೆ, ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು.

ಜೊತೆಗೆ ಬಂದಿದ್ದ ಬೀರೂರಿನ ಸಿದ್ದಪ್ಪ ಇವರ ಸಾಕ್ಸ್ ನೋಡಿ ನಕ್ಕ.

"ಗುಡಿ ಮುಂದೆ ಮೆಟ್ಟು ಹೋಯ್ತು ಅಂದ್ರೆ ಶನಿ ಬಿಟ್ಟ ಕಣಣ್ಣ. ಬಿಡೋಕೆ ಇಲ್ಲೀಗಂಟ ಬರ್ಬೇಕಿತ್ತಾ ಅವ್ನು?"

"ಅವ್ಳ ಹತ್ರ ಮಾತ್ರ ಬಾಯ್ಬಿಡಬ್ಯಾಡ ಕಣಪ್ಪ."

ಮಧ್ಯಾಹ್ನ ಹೋಟೆಲಿನಲ್ಲಿ ಸೇಬಿನ ಹೂರಣ ತುಂಬಿದ ಸಿಹಿ ಬಂತು. ನಮ್ಮ ಹೋಳಿಗೆಗೆ ಇದು ದೂರದ ನೆಂಟರಿರಬೇಕು ಎಂದು ತೀರ್ಥಮ್ಮ ಮೆಚ್ಚಿಕೊಂಡು ತಿಂದರು. ಕಲ್ಲೇಶಪ್ಪ ಕಾವಿಗೆ ಕೂತ ಕೋಳಿಯಂತೆ ಪಾದಗಳನ್ನು ಕುರ್ಚಿಯಡಿ ಮುಚ್ಚಿಕೊಂಡು ಕೂತಿದ್ದರು. ತೀರ್ಥಮ್ಮ ಏನೂ ಕೇಳದೆ ತನ್ನ ಪಾಲಿನ ಅರ್ಧವನ್ನು ಅವರ ತಟ್ಟೆಗೆ ಸರಿಸಿದರು. ಆ ಅಕ್ಕರೆ ಕಂಡು ಅವರಿಗೆ ಭಯ ಇನ್ನೂ ಹೆಚ್ಚಾಯಿತು.

ಸಂಜೆ ಅವರು ಹೋಟೆಲಿನವರು ಕೋಣೆಯಲ್ಲಿಟ್ಟಿದ್ದ ಬಿಳಿ ಬಟ್ಟೆಯ ಚಪ್ಪಲಿ ಮೆಟ್ಟಿ, ಅದು ಕಾಣದಂತೆ ರೇಷ್ಮೆ ಪಂಚೆಯನ್ನು ನೆಲಕ್ಕೆ ಇಳಿಬಿಟ್ಟುಕೊಂಡು ಹೊರಟರು. ಬಾಗಿಲಿನವನು ಇವರನ್ನು ಯಾವುದೋ ದೇಶದ ವಿದ್ವಾಂಸರೆಂದು ತಿಳಿದನೋ ಏನೋ, ಬಗ್ಗಿ ನಮಸ್ಕರಿಸಿ, ದಂಪತಿಗಳನ್ನು ಮುಂದಿನ ಸಾಲಿನಲ್ಲೇ ಕೂರಿಸಿದ. ಸಿದ್ದಪ್ಪ ಥಳಥಳಿಸುವ ಶೂ ಹಾಕಿಕೊಂಡು ಕಂಬದ ಹಿಂದೆ ಕೂತ.

ಪಿಟೀಲು ಶುರುವಾಯಿತು. ತೀರ್ಥಮ್ಮ ಅಲುಗಾಡಲಿಲ್ಲ. ಒಂದು ಕೃತಿ ಮುಗಿದು, ಚಪ್ಪಾಳೆಗೆ ಮುಂಚೆ ಇಡೀ ಸಭೆ ಉಸಿರು ಹಿಡಿದಿದ್ದ ಆ ಮೌನದಲ್ಲಿ ಆಕೆಯ ಕೆನ್ನೆ ಒದ್ದೆಯಾಗಿದ್ದು ಕಲ್ಲೇಶಪ್ಪನಿಗೆ ಕಂಡಿತು. ಅಷ್ಟು ಹೊತ್ತು ಅವರಿಗೆ ಕಾಲುಗಳ ನೆನಪೇ ಇರಲಿಲ್ಲ.

ವಿರಾಮದಲ್ಲಿ ಕರವಸ್ತ್ರಕ್ಕೆಂದು ತೀರ್ಥಮ್ಮ ಕೈಚೀಲ ತೆರೆದರು. ಒಳಗೆ ಪ್ಲಾಸ್ಟಿಕ್ ಕವರಿನಲ್ಲಿ ಗಂಡನ ಶೂ.

"ಇದು..." ಎಂದರು ಕಲ್ಲೇಶಪ್ಪ.

"ಕಡೂರಿನ ಥರ ಆದೀತು ಅಂತ ನಾನೇ ಎತ್ತಿಟ್ಕೊಂಡಿದ್ದೆ ಕಣ್ರೀ. ಕೇಳ್ತೀರಿ ಅಂತ ಕಾದೆ. ನೀವು ಕೇಳ್ದೆ ಹಂಗೇ ನಡೆದ್ಬಿಟ್ರಿ. ಸಿದ್ದಪ್ಪನ್ನ ಕೇಳಿದ್ರೆ, ದೇವ್ರ ವಿಷ್ಯ ಅಕ್ಕಾ, ಕೇಳ್ಬೇಡಿ ಅಂದ. ನನ್ ಮಂಡಿನೋವಿಗೆ ಹರಕೆ ಹೊತ್ತಿದ್ದೀರಿ ಅಂತ ಆಗ ಗೊತ್ತಾಯ್ತು." ದನಿ ತಗ್ಗಿತು. "ಎಲ್ಲೀಗಂಟ ಬರಿಗಾಲು ಅಂತ ಹೊತ್ಕೊಂಡಿದ್ದೀರಿ?"

ಕಲ್ಲೇಶಪ್ಪ ಶೂ ನೋಡಿದರು. ಹೆಂಡತಿಯ ಕಣ್ಣು ನೋಡಿದರು.

"ಊರು ಮುಟ್ಟೋಗಂಟ ಕಣೇ."

ತೀರ್ಥಮ್ಮ ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಆಮೇಲೆ ಬಗ್ಗಿ ಪಂಚೆಯ ಅಂಚು ಸರಿಸಿ, "ಹಂಗಾದ್ರೆ ಇವೂ ಬ್ಯಾಡ, ಹರಕೆ ಕೆಡ್ತದೆ" ಎಂದು ಆ ಬಿಳಿ ಚಪ್ಪಲಿಗಳನ್ನು ಮೆಲ್ಲಗೆ ಕಳಚಿ, ಶೂಗಳ ಜೊತೆ ಚೀಲದೊಳಗಿಟ್ಟು ಜಿಪ್ ಎಳೆದರು.

ಪಿಟೀಲು ಮತ್ತೆ ಶುರುವಾದಾಗ ಆಕೆ ಗಂಡನ ಕೈ ಹಿಡಿದುಕೊಂಡಿದ್ದರು. ಕಲ್ಲೇಶಪ್ಪ ಕಣ್ಣು ಮುಚ್ಚಿ ಕೇಳುತ್ತ ಕೂತರು. ಮಾರನೆಯ ದಿನ ಪರಮೇಶ್ ಎಲ್ಲರನ್ನೂ ಹಿಮದ ಬೆಟ್ಟಕ್ಕೆ ಕರೆದೊಯ್ಯುವವನಿದ್ದ.